ಕಲ್ಲು ಹೊತ್ತವರು ಯಾರು?

ಸೇವೆಯಲ್ಲಿದ್ದ ದಿನಗಳಲ್ಲಿ ಯಲಹಂಕದಿಂದ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದೊಯ್ಯುತ್ತಿದ್ದೆ. ಕಾವೇರಿಯ ವೆಲ್ಲೆಸ್ಲಿ ಸೇತುವೆಯ ಬಳಿ ನಿಂತು, ‘1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, ಗವರ್ನರ್ ಜನರಲ್ಲನ ಹೆಸರಿಟ್ಟರು’ ಎಂದು ಪಾಠ ಒಪ್ಪಿಸುತ್ತಿದ್ದೆ. ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಈ ಕಲ್ಲು ಹೊತ್ತವರು ಯಾರು?” ಉತ್ತರವಿರಲಿಲ್ಲ. “ಬಸ್ಸಿಗೆ ಹೊತ್ತಾಯಿತು, ನಡೆಯಮ್ಮ” ಎಂದು ಜಾರಿಕೊಂಡೆ. ಆ ನಾಚಿಕೆ ಇಂದಿಗೂ ಉಳಿದಿದೆ.

ವಿಯೆಟ್ನಾಮಿನ ಹ್ವೆ ನಗರದ ಸಮೀಪದ ಹಳ್ಳಿಯಲ್ಲಿ ಥಾನ್ ತೊಆನ್ ಎಂಬ ಹೆಂಚಿನ ಮಾಡಿನ ಮರದ ಸೇತುವೆಯಿದೆ. 1776ರಲ್ಲಿ ತ್ರಾನ್ ಥಿ ದಾವೊ ಎಂಬ ಮಕ್ಕಳಿಲ್ಲದ ಮಹಿಳೆ ಅದನ್ನು ಕಟ್ಟಿಸಿದಳು. ದಾಟುವವರು ಕುಳಿತು ದಣಿವಾರಿಸಿಕೊಳ್ಳಲು ಎರಡೂ ಬದಿಗೆ ಜಗಲಿ. ನಡುವೆ ಆಕೆಯ ಪೂಜಾಸ್ಥಾನ. ಅಲ್ಲಿ ದಾನಿಯನ್ನು ಊರು ಮರೆತಿಲ್ಲ.

ನಮ್ಮ ಸೇತುವೆಗೆ ಮಾಡಿಲ್ಲ, ಕಮಾನೂ ಇಲ್ಲ. ಕಲ್ಲುಕಂಬ, ಅದರ ಮೇಲೆ ಚಾಚುಗಲ್ಲು, ಮೇಲೆ ಕಲ್ಲಿನ ತೊಲೆ. ಕಾವೇರಿಯ ಎರಡು ಶತಮಾನಗಳ ಪ್ರವಾಹಗಳನ್ನು ಕಂಡೂ ಅದು ನಿಂತಿದೆ. ಹೆಸರು ಬದಲಿಸಿರೆಂದು ನಾನು ಹೇಳಲಾರೆ. ಇತಿಹಾಸವನ್ನು ಅಳಿಸಿ ಬರೆಯುವುದು ಮೇಷ್ಟ್ರ ಕೆಲಸವಲ್ಲ. ಆದರೆ ಕಟ್ಟಿಸಿದವರ ಪಾಠದೊಡನೆ ಕಟ್ಟಿದವರ ಪಾಠವೂ ನಡೆಯಬೇಕು. ಹೆಸರು ತಿಳಿಯದಿದ್ದರೇನು? ಸೇತುವೆಯ ತುದಿಯಲ್ಲಿ ‘ಕಲ್ಲುಕುಟಿಗರಿಗೆ, ಕೂಲಿಗಳಿಗೆ ನಮಸ್ಕಾರ’ ಎಂಬ ಒಂದು ಸಾಲಿನ ಫಲಕ ಸಾಕು; ದಾಟುವವರಿಗೆ ಪಕ್ಕದಲ್ಲೊಂದು ನೆರಳಿನ ಕಟ್ಟೆಯಿದ್ದರೆ ಇನ್ನೂ ಒಳ್ಳೆಯದು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅಂದು ಬಸ್ಸನ್ನು ಹತ್ತು ನಿಮಿಷ ನಿಲ್ಲಿಸಿ, “ಗೊತ್ತಿಲ್ಲಮ್ಮ, ಒಳ್ಳೆಯ ಪ್ರಶ್ನೆ” ಎನ್ನಬೇಕಿತ್ತು.