ನೆರವಿನ ಲೆಕ್ಕವನ್ನು ಶಾಲೆಗಳೇ ಹೇಳಲಿ



ಊರ ಶಾಲೆಯ ಯೋಗಕ್ಷೇಮವು ಊರ ಆಡಳಿತದ ಹೊಣೆಯೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. 1923ರ ಕಾಯಿದೆಯು ಮುಂಬಯಿ ಇಲಾಖೆಯ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಆಗ ಆ ಇಲಾಖೆಗೆ ಸೇರಿದ್ದವು. ರಾಮದುರ್ಗವು 1948ರ ವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಇಂದು ನಾಲ್ಕೂ ತಾಲೂಕುಗಳ ಹಳ್ಳಿಗಳಿಗೆ 1993ರ ಕರ್ನಾಟಕ ಪಂಚಾಯತ ಕಾಯಿದೆಯೊಂದೇ ಅನ್ವಯಿಸುತ್ತದೆ.

ಆದರೆ ನೆರವು ನಿಜವಾಗಿ ಮುಟ್ಟಿತೇ ಎಂದು ಶಾಲೆಗಳನ್ನೇ ಕೇಳುವವರು ವಿರಳ. ಕೇಳಿದರೂ "ಶೌಚಗೃಹವುಂಟೇ?" ಎನ್ನುವರು, "ಉಂಟು" ಎಂದು ನಾವು ಬರೆದುಕೊಡುವೆವು. ನಲ್ಲಿಯಲ್ಲಿ ನೀರುಂಟೇ, ಬಾಗಿಲಿಗೆ ಅಗಳಿಯುಂಟೇ, ತೊಳೆಯುವವರಿಗೆ ಕೂಲಿ ಕೊಡುವವರಾರು ಎಂಬುದಕ್ಕೆ ಆ ಕಾಗದದಲ್ಲಿ ಸ್ಥಳವಿರುವುದಿಲ್ಲ. ಉದ್ಘಾಟನೆಗೆ ಊರೇ ಕೂಡುವುದು. ದುರಸ್ತಿಗೆ ಒಬ್ಬರೂ ದೊರೆಯರು. ದೊಡ್ಡವಳಾದ ಹುಡುಗಿಯು ತಿಂಗಳಿಗೆ ಮೂರು ದಿನ ಮನೆಯಲ್ಲುಳಿದು, ಕಡೆಗೆ ಶಾಲೆಯನ್ನೇ ಬಿಡುವುದಕ್ಕೆ ಎಷ್ಟೋ ವೇಳೆ ಇದೇ ಕಾರಣವು.

ಆದಕಾರಣ ಪ್ರತಿಯೊಂದು ಶಾಲೆಯನ್ನೂ ವರ್ಷಕ್ಕೆರಡು ಸಲ, ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ವಿಚಾರಿಸಬೇಕು. ಏನು ಬೇಡಿದಿರಿ, ಏನು ಮಂಜೂರಾಯಿತು, ಏನು ಕೈಸೇರಿತು, ಅದರಲ್ಲಿ ಇಂದು ಉಪಯೋಗಕ್ಕೆ ಬರುವುದೇನು? ಈ ನಾಲ್ಕು ಪ್ರಶ್ನೆಗಳು ಸಾಕು. ಉತ್ತರಗಳನ್ನು ಗ್ರಾಮಸಭೆಯಲ್ಲಿಯೂ ಪುರಸಭೆಯಲ್ಲಿಯೂ ಓದಿಸಬೇಕು. ಇದು ದೂಷಣೆಗಲ್ಲ, ಕೊಟ್ಟವರಿಗೆ ಕೃತಜ್ಞತೆ, ಮರೆತವರಿಗೆ ನೆನಪು. ಬೇಡುವವರು ಕೊಡುವವರ ಕುರಿತು ನಿಜವನ್ನು ಬರೆಯಲು ಅಂಜುವುದು ಸಹಜವು. ಆದುದರಿಂದಲೇ ಪಾಲಕರೂ ಕೂಡಿ ರುಜು ಹಾಕಬೇಕು.

ಗ್ರಾಮ ಪಂಚಾಯತಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಆ ಸ್ಥಾನದಲ್ಲಿ ಕುಳಿತ ನಮ್ಮ ಪೂರ್ವವಿದ್ಯಾರ್ಥಿನಿಯರು ಮೊದಲು ತಮ್ಮೂರ ಶಾಲೆಗೆ ಹೋಗಿ, ನಲ್ಲಿಯನ್ನು ತಿರುವಿ ನೋಡಲಿ.