ನೀರಡಿಸಿದವರ ಜಾತಿ ಕೇಳದ ನಂಬಿಕೆ

ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ವಿರಕ್ತಮಠವಿದೆ. ಹೆಸರು ಕೇಳಿದವರಿಗೆ ಲಿಂಗಾಯತ ಮಠವೆನಿಸಬಹುದು. ಅದು ಕ್ರೈಸ್ತರ ಮಠ. ಗೋವಾ ಮೂಲದ ಜೆಸ್ವಿಟ್ ಪಾದ್ರಿ ಅರ್ಮಾಂದೊ ಅಲ್ವಾರಿಸ್ ಅವರು ಅನಿಮಾನಂದ ಸ್ವಾಮಿಯಾಗಿ, ಕಾವಿ ಉಟ್ಟು ಇಲ್ಲಿಯ ಜನರ ನಡುವೆ ಬದುಕಿದರು. ಕ್ರಿಸ್ತನನ್ನು ನಂಬಲು ಈ ನೆಲದ ರೀತಿನೀತಿ ಬಿಡಬೇಕಿಲ್ಲ ಎಂದು ಬದುಕಿ ತೋರಿಸಿದರು.

ನಾನು ಮೆಥೊಡಿಸ್ಟ್ ಮನೆತನದವಳು, ಸವದತ್ತಿ ತಾಲೂಕಿನ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಆರಾಧನೆಯ ಕ್ರಮ ಬೇರೆ. ಆದರೆ ನಂಬಿಕೆಯ ಬೆಲೆ ತಿಳಿಯುವುದು ರವಿವಾರದ ಪ್ರಾರ್ಥನೆಯಲ್ಲಲ್ಲ, ಉಳಿದ ಆರು ದಿನ ನೆರೆಯವರನ್ನು ನಾವು ಕಾಣುವ ಬಗೆಯಲ್ಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದನ್ನು ನನಗೆ ಕಲಿಸಿದವಳು ನಮ್ಮವ್ವ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ನಮ್ಮ ಮನೆ ಮುಂದೆ ಹಾಯುತ್ತಿದ್ದವು. ‘ಉಧೋ ಉಧೋ’ ಕೇಳಿಸಿದ ಕೂಡಲೇ ಅವ್ವ ನೀರಿನ ಹರವಿಯನ್ನು ಕಟ್ಟೆಗೆ ತಂದಿಟ್ಟು, ಮೇಲೊಂದು ತಂಬಿಗೆ ಬೋರಲು ಹಾಕುತ್ತಿದ್ದಳು. ಎತ್ತುಗಳಿಗೆಂದು ಬೇರೆ ಬುಟ್ಟಿ ತುಂಬುತ್ತಿದ್ದಳು. ನಮ್ಮ ಸಭೆಯ ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. ಅವ್ವ ಹೇಳಿದ್ದಿಷ್ಟೇ: “ನೀರಡಿಸಿ ಬಂದವರ ದೇವರನ್ನ ಕೇಳಾಕ ನಾವ್ಯಾರ್ರೀ? ಯೇಸುಸ್ವಾಮಿ ಯಾರ ರೂಪದಾಗ ಬಂದು ನೀರು ಕೇಳತಾನೋ ಯಾರಿಗೆ ಗೊತ್ತು?” ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಮತ್ತಾಯನ ಸುವಾರ್ತೆಯ ತಿರುಳು ಅವಳಿಗೆ ತಿಳಿದಿತ್ತು.

ಇದೇ ತಿರುಳನ್ನು ಬದುಕಿದವರು ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಅವರು ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಹುಡುಕಿ, ಜೋಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳನ್ನೂ ಸಂಪಾದಿಸಿದರು, ಅನುಭವಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದರು. ಕನ್ನಡಿಗರು ಅವರನ್ನು 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದರು. ವಚನ ಓದಿದ್ದಕ್ಕೆ ಉತ್ತಂಗಿಯವರ ಕ್ರಿಸ್ತಭಕ್ತಿ ಕರಗಲಿಲ್ಲ. ತನ್ನ ನಂಬಿಕೆಯಲ್ಲಿ ಗಟ್ಟಿ ಇದ್ದವನಿಗೆ ಇನ್ನೊಬ್ಬರ ನಂಬಿಕೆಯ ಭಯವಿರುವುದಿಲ್ಲ.

ಭಯ ಈಗ ಹೆಚ್ಚಾಗಿದೆ. 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡೇ ದಿನ ಇರುವಾಗ, ಬೆಳಗಾವಿಯ ಸುವರ್ಣಸೌಧದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು. ಆಮಿಷ ಒಡ್ಡಿ, ಹೆದರಿಸಿ ಮತ ಬದಲಿಸುವುದು ತಪ್ಪು. ಹಾಗೆ ಮಾಡುವವರು ಕ್ರಿಸ್ತನಿಗೂ ದ್ರೋಹ ಮಾಡುತ್ತಾರೆ. ಆದರೆ ಮನೆಯಲ್ಲಿ ನಾಲ್ಕು ಜನ ಕೂಡಿ ಪ್ರಾರ್ಥಿಸಿದರೂ ಅನುಮಾನದಿಂದ ನೋಡುವುದು ಕಿತ್ತೂರು ಸೀಮೆಯ ಗುಣವಲ್ಲ. ಬಸವಣ್ಣನ ಮಾತು, ಶರೀಫಜ್ಜನ ಹಾಡು ಕೇಳುತ್ತ ಬೆಳೆದ ಜನ ನಾವು.

ನನ್ನ ಸಭೆಯ ತರುಣರಿಗೆ ನಾನು ಹೇಳುವುದಿಷ್ಟು: ಬೈಬಲ್ ಓದಿರಿ, ಅದರ ಜೊತೆಗೆ ವಚನಗಳನ್ನೂ ಓದಿರಿ. ನೆರೆಮನೆಯ ದೇವರನ್ನು ಹೀಗಳೆದು ನಿಮ್ಮ ದೇವರನ್ನು ದೊಡ್ಡವನನ್ನಾಗಿ ಮಾಡಲು ಹೋಗಬೇಡಿರಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ನನ್ನ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ಒಂದೇ ವಿನಂತಿ: ನಮ್ಮ ಬಗ್ಗೆ ಸಂಶಯ ಬಂದರೆ ನೇರ ನಮ್ಮ ಮನೆಗೆ ಬನ್ನಿರಿ, ಕೂತು ಕೇಳಿರಿ. ನಾವೂ ಈ ಮಣ್ಣಿನ ಮಕ್ಕಳೇ.