ಒಂದು ನಿಮಿಷ ಪೂರ್ತಿ ಉಸಿರೆಣಿಸಿ

ಕೆಮ್ಮು ಎಂದು ಉಪಕೇಂದ್ರಕ್ಕೆ ಬಂದ ಮಗುವಿನ ಎದುರು ನರ್ಸಮ್ಮ ಮಾಡಬೇಕಾದ ಅತಿ ಮುಖ್ಯ ಪರೀಕ್ಷೆಗೆ ಸ್ಟೆತಾಸ್ಕೋಪು ಬೇಕಿಲ್ಲ. ಮಗು ಅಳು ನಿಲ್ಲಿಸಿ ತಾಯಿಯ ಮಡಿಲಲ್ಲಿ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ, ಸೆಕೆಂಡಿನ ಮುಳ್ಳು ನೋಡುತ್ತ, ಎದೆ ಹೊಟ್ಟೆ ಏರಿಳಿಯುವುದನ್ನು ಎಣಿಸಬೇಕು. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎಳೆಯರ ಉಸಿರು ಒಂದೇ ಲಯದಲ್ಲಿ ನಡೆಯುವುದಿಲ್ಲ.

ಎರಡು ತಿಂಗಳು ತುಂಬಿದ, ವರ್ಷವಾಗದ ಮಗುವಿಗೆ 50, ವರ್ಷ ದಾಟಿ ಐದರೊಳಗಿದ್ದರೆ 40. ಅಷ್ಟೋ ಅದಕ್ಕಿಂತ ಹೆಚ್ಚೋ ಬಂದರೆ ನ್ಯುಮೋನಿಯಾ ಎಂದೇ ಹಿಡಿದು ಚಿಕಿತ್ಸೆ ಶುರುವಾಗಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಬಂದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ದಾರಿಯಲ್ಲಿ ಕೂಸಿನ ಮೈ ಬೆಚ್ಚಗಿರಬೇಕು, ಎದೆಹಾಲು ನಿಲ್ಲಬಾರದು ಎಂದು ಹೇಳಿಯೇ ಕಳಿಸಬೇಕು. ಮಗು ಏನನ್ನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಫಿಟ್ಸ್ ಬಂದಿದೆ, ಕರೆದರೂ ಕಣ್ಣು ಬಿಡುತ್ತಿಲ್ಲ ಎಂದಾದರೆ ಎಣಿಕೆಯ ಫಲಿತಾಂಶ ಏನೇ ಇರಲಿ, ತಡಮಾಡುವಂತಿಲ್ಲ.

ಇದೆಲ್ಲ ನವಜಾತ ಶಿಶು ಹಾಗೂ ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆಯ (ಐಎಂಎನ್‌ಸಿಐ) ತರಬೇತಿಯಲ್ಲಿದೆ. ತರಬೇತಿ ಮುಗಿಸಿದ ಸಿಸ್ಟರ್ ಬಯಲುಸೀಮೆಯಲ್ಲಾದರೆ 5,000, ಗುಡ್ಡಗಾಡಿನಲ್ಲಾದರೆ 3,000 ಜನಕ್ಕೊಂದು ಎಂಬ ಲೆಕ್ಕದ ಉಪಕೇಂದ್ರಕ್ಕೆ ಮರಳುತ್ತಾರೆ. ಅಲ್ಲಿ ಬಾಣಂತಿಯರ ಭೇಟಿ, ಲಸಿಕೆಯ ದಿನ, ರಿಜಿಸ್ಟರು, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಕಾದಿರುತ್ತವೆ. ಅವರ ಪಕ್ಕದಲ್ಲಿ ನಿಂತು, ಅದೇ ಮಗುವಿನ ಉಸಿರನ್ನು ತಾವೂ ಎಣಿಸಿ ತಾಳೆ ನೋಡುವವರು ಎಷ್ಟು ಮಂದಿ? ಕೈಯಿಂದ ಮಾಡುವ ಕೆಲಸ ಅಭ್ಯಾಸ ತಪ್ಪಿದರೆ ಮಾಸುತ್ತದೆ. ಅದನ್ನು ಸಿಸ್ಟರ್‌ಗಳ ಅಸಡ್ಡೆ ಎಂದು ಕರೆಯುವುದು ಅನ್ಯಾಯ.

ಭೇದಿಯ ವಿಷಯದಲ್ಲಿ ಬೇಕಾದ ಜ್ಞಾನ ಬೇರೆ ಬಗೆಯದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿದರು. ಸಾವು ಬಹಳ ಇಳಿಯಿತು. ಇಂದಿನ ಓಆರ್‌ಎಸ್ ಪೊಟ್ಟಣವೂ ಹಾಗೆಯೇ. ಮನೆಯಲ್ಲಿ ತಾಯಿ ಕುಡಿಸಿದರಷ್ಟೇ ಅದು ಔಷಧ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಹಾಕಬೇಕು, ಚಮಚ ಚಮಚವಾಗಿ ಕುಡಿಸಬೇಕು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಬೇಕು. ಝಿಂಕ್ ಮಾತ್ರೆ 14 ದಿನ. ಮೂರನೇ ದಿನಕ್ಕೆ ಭೇದಿ ನಿಂತರೆ ಮಾತ್ರೆಯನ್ನೂ ನಿಲ್ಲಿಸುವುದು ಮನೆಮನೆಯ ರೂಢಿ. ಮೊದಲ ಮಾತ್ರೆಯನ್ನು ಸಿಸ್ಟರ್ ತಮ್ಮೆದುರೇ ಚಮಚದಲ್ಲಿ ಕರಗಿಸಿ ತಾಯಿಯ ಕೈಯಿಂದ ಕುಡಿಸಿ, ‘ನಿಂತರೂ ಬಿಡಬೇಡವ್ವ’ ಎಂದು ಹೇಳಿ, ತಾಯಿಯಿಂದ ತಿರುಗಿ ಹೇಳಿಸಿಕೊಳ್ಳಬೇಕು. ಇದಕ್ಕೂ ಐದು ನಿಮಿಷ ಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಹೇಗೂ ಸಭೆ ನಡೆಯುತ್ತದೆ. ಅಂಕಿ ಅಂಶ ಒಪ್ಪಿಸುವ ಮುನ್ನ ಅರ್ಧ ಗಂಟೆ ಹೊರರೋಗಿ ವಿಭಾಗಕ್ಕೆ ಬಂದ ಮಕ್ಕಳ ಬಳಿ ಕಳೆಯಲಿ. ವೈದ್ಯರೂ ಸಿಸ್ಟರೂ ಒಂದೇ ಮಗುವಿನ ಉಸಿರೆಣಿಸಿ ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಹೋಲಿಸಿ ನೋಡಲಿ. ಇದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಅನುದಾನವೂ ಬೇಡ. ತಾಲ್ಲೂಕು ಆರೋಗ್ಯಾಧಿಕಾರಿಗಳು ಮುಂದಿನ ತಿಂಗಳಿಂದಲೇ ಶುರುಮಾಡಬಹುದು.